ಹಾಡುಗಾರನಿಗೆ ಚರಿತ್ರೆಯಿಲ್ಲವೆಂಬ ವಾದ

ಜನಪದ ಗಾಯನಕ್ಕೆ ಕರ್ತೃವಿಲ್ಲ, ಕಾಲವಿಲ್ಲ, ಅದು ಸಮಷ್ಟಿಯ ಕಂಠದಿಂದ ತಾನಾಗಿ ಹೊರಹೊಮ್ಮಿದ ವಾಣಿ, ಹಾಡುವವನು ಅದಕ್ಕೆ ನಿಮಿತ್ತಮಾತ್ರ ಎಂಬ ಅಭಿಪ್ರಾಯವು ನಮ್ಮ ವಿದ್ವದ್ವಲಯದಲ್ಲಿ ಎಷ್ಟು ಕಾಲದಿಂದ, ಎಷ್ಟು ನಿಶ್ಚಿಂತೆಯಿಂದ ನೆಲೆಗೊಂಡಿದೆಯೆಂದರೆ, ಅದನ್ನು ಪ್ರಶ್ನಿಸಲು ಹೊರಟವನು ತನ್ನ ಪ್ರಶ್ನೆಗೇ ಮೊದಲು ಕಾರಣ ಕೊಡಬೇಕಾದ ಸ್ಥಿತಿಯೊದಗಿದೆ. ಪಠ್ಯಪುಸ್ತಕಗಳು ಅದನ್ನು ಮೊದಲ ಪಾಠದಲ್ಲಿಯೇ ಹೇಳುತ್ತವೆ. ಸಮ್ಮೇಳನಗಳ ವೇದಿಕೆಯಿಂದ ಅದು ಪ್ರತಿವರ್ಷ ಘೋಷಿತವಾಗುತ್ತದೆ. ಕೊನೆಗೆ ಹಾಡುಗಾರರ ಮಕ್ಕಳೇ ಶಾಲೆಯಲ್ಲಿ ಅದನ್ನು ಕಂಠಪಾಠಮಾಡಿ ಬಂದು ತಂದೆಯ ಮುಂದೆ ಒಪ್ಪಿಸುತ್ತಾರೆ. ಈ ಅಭಿಪ್ರಾಯವು ಅಸತ್ಯವೆಂದೂ, ಅಸತ್ಯವಾಗಿರುವುದರ ಜೊತೆಗೆ ಅನ್ಯಾಯವೂ ಆಗಿದೆಯೆಂದೂ, ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯ ಗಾಯನಚರಿತ್ರೆಯನ್ನು ಸಂಶೋಧಿಸಿ ಗ್ರಂಥವಾಗಿ ಹೊರತರುವ ಕಾರ್ಯಕ್ಕೆ ಇರುವ ಅಡ್ಡಿಗಳಲ್ಲಿ ಇದೇ ಮೊದಲನೆಯದೆಂದೂ ತೋರಿಸುವುದು ನನ್ನ ಉದ್ದೇಶ.

ಈ ಸೀಮೆಯ ಅಗರವು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿ, ಮಾಂಬಳ್ಳಿಗೆ ಒತ್ತಿಕೊಂಡು ಇರುವ ಊರು. ಅಲ್ಲಿ ನಿಂತವನಿಗೆ ಒಂದು ದಿಕ್ಕಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಇನ್ನೊಂದು ದಿಕ್ಕಿನಲ್ಲಿ ಕೊಳ್ಳೇಗಾಲವನ್ನು ಹಾದು ಹನೂರಿನಾಚೆಗೆ ನಡೆದರೆ ಎಪ್ಪತ್ತೇಳು ಮಲೆಯ ಮಾದಪ್ಪನ ರಾಜ್ಯ. ಆ ದಾರಿಗೆ ಓರೆಯಾಗಿ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು. ಬನದ ಹುಣ್ಣಿಮೆಯ ರಾತ್ರಿ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲಕ್ಕೆ ಕಿಚ್ಚಿಟ್ಟು ಜಾತ್ರೆ ತೊಡಗಿದಾಗ, ತಂಬೂರಿಯನ್ನು ಹೆಗಲಿಗಾನಿಸಿ, ಗಗ್ಗರ ನುಡಿಸುತ್ತ, ಡಕ್ಕೆ ತಾಳಗಳ ಹಿಮ್ಮೇಳದೊಡನೆ ಮಂಟೇಸ್ವಾಮಿಯ ಕಥೆಯನ್ನು ಬೆಳಗಾಗುವವರೆಗೆ ಹಾಡುವ ನೀಲಗಾರರು ಒಂದು ಪರಂಪರೆ. ಬಟ್ಟಲಿನಾಕಾರದ ಕಂಚನ್ನು ಎಡಗೈಯಲ್ಲಿ ಹಿಡಿದು, ತಟ್ಟೆಯಾಕಾರದ ಕಂಚನ್ನು ಬಲಗೈಯಿಂದ ಬೀಸಿ ಬಡಿಯುತ್ತ ಮಾದಪ್ಪನೆಂಬ ಮಾದೇಶ್ವರನ ಸಾಲುಗಳನ್ನು, ಎಂದರೆ ಕಥಾಭಾಗಗಳನ್ನು, ಹಾಡುವ ಕಂಸಾಳೆಯ ದೇವರಗುಡ್ಡರು ಮತ್ತೊಂದು ಪರಂಪರೆ. ಬೆಟ್ಟದ ಮೇಲೆ ಗೊರುಕನ ಪದಗಳನ್ನು ಹಾಡಿಕೊಂಡು ಕುಣಿಯುವ ಸೋಲಿಗರದು ಮೂರನೆಯದು. ಮೂರು ತಾಲ್ಲೂಕುಗಳಷ್ಟು ಕಿರಿದಾದ ನೆಲದಲ್ಲಿ ಮೂರು ಸ್ವತಂತ್ರ ಗಾಯನಕ್ರಮಗಳು, ಅವುಗಳಲ್ಲಿ ಎರಡು ಮಹಾಕಾವ್ಯದ ವಿಸ್ತಾರವುಳ್ಳವು, ಇಂದಿಗೂ ಜೀವಂತವಾಗಿವೆ. ಇಂಥ ಸಂಪತ್ತುಳ್ಳ ಸೀಮೆಗಳು ಕರ್ಣಾಟಕದಲ್ಲಿ ಹೆಚ್ಚಿಲ್ಲ.

ಈ ಸಂಪತ್ತನ್ನು ನಮ್ಮ ವಿದ್ವಾಂಸರು ಕಡೆಗಣಿಸಿದರೆಂದು ನಾನು ಹೇಳುತ್ತಿಲ್ಲ. ಜೀ. ಶಂ. ಪರಮಶಿವಯ್ಯನವರು ದಕ್ಷಿಣ ಕರ್ಣಾಟಕದ ವೃತ್ತಿಗಾಯಕರನ್ನು ಊರೂರು ಅಲೆದು ಕಂಡು ಬರೆದವರು. ಪಿ. ಕೆ. ರಾಜಶೇಖರ ಅವರು 1973ರಲ್ಲಿಯೇ ಮಲೆಯ ಮಾದೇಶ್ವರನ ಕಾವ್ಯವನ್ನು ಅಚ್ಚಿಗೆ ತಂದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದರು. ಅದು ಇಂಗ್ಲಿಷಿಗೂ ಹೋಗಿ 2001ರಲ್ಲಿ ಸಾಹಿತ್ಯ ಅಕಾದೆಮಿಯಿಂದ ಪ್ರಕಟವಾಯಿತು. ಇವರ ಪರಿಶ್ರಮಕ್ಕೆ ಈ ಸೀಮೆಯ ಪ್ರತಿಯೊಬ್ಬನೂ ಋಣಿ. ಇವರು ಕಾವ್ಯವನ್ನು ಉಳಿಸಿಕೊಟ್ಟರು. ಆದರೆ ಕಾವ್ಯ ಉಳಿದ ಮೇಲೆ ಹಾಡಿದವರ ಚರಿತ್ರೆ ಬೇಕಾಗಿಲ್ಲವೆಂದು, ಪಠ್ಯ ಅಚ್ಚಾದ ದಿನವೇ ಸಂಶೋಧಕನ ಕರ್ತವ್ಯ ಮುಗಿಯಿತೆಂದು, ಅವರ ತರುವಾಯ ಬಂದವರು ತೀರ್ಮಾನಿಸಿಕೊಂಡರಲ್ಲ, ನನ್ನ ವಿವಾದವಿರುವುದು ಆ ತೀರ್ಮಾನದೊಡನೆ.

ದಾಖಲೆಯೇ ಇಲ್ಲದವರ ಚರಿತ್ರೆಯನ್ನು ಬರೆಯುವುದೆಂತು ಎಂದು ಈ ಪಕ್ಷದವರು ಮೊದಲು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ದೂರದ ಒಂದು ನಗರದ ನಿದರ್ಶನವನ್ನು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರ ಕೇರಿಗಳಲ್ಲಿ, ಲಿಪಿಯ ಹಂಗಿಲ್ಲದೆ, ಕಿವಿಯಿಂದ ಕಿವಿಗೆ, ಗುರುವಿನಿಂದ ಶಿಷ್ಯನಿಗೆ ಹರಿದುಬಂದ ಸಂಗೀತವೇ ಜಾಜ್. ನುಡಿಸುವ ಕ್ಷಣದಲ್ಲಿಯೇ ಕಟ್ಟಿಕೊಳ್ಳುವುದು ಅದರ ಧರ್ಮ. ಅದರ ಆದ್ಯರಲ್ಲಿ ಒಬ್ಬನೆಂದು ಎಲ್ಲರೂ ಒಪ್ಪುವ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ ಹುಟ್ಟಿದ್ದು 1877ರಲ್ಲಿ. ಬುದ್ಧಿಭ್ರಮಣೆಗೊಂಡು 1907ರಲ್ಲಿ ಮನೋರೋಗಿಗಳ ಆಸ್ಪತ್ರೆಯನ್ನು ಸೇರಿದವನು, 1931ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನು ನುಡಿಸಿದ ಒಂದು ಸ್ವರವೂ ಯಾವ ಧ್ವನಿಮುದ್ರಿಕೆಯಲ್ಲಿಯೂ ಇಂದು ನಮಗೆ ಉಳಿದಿಲ್ಲ. 1917ರಲ್ಲಿ ಮೊತ್ತಮೊದಲ ಜಾಜ್ ತಟ್ಟೆ ಮಾರುಕಟ್ಟೆಗೆ ಬಂದಾಗ ಅದರಲ್ಲಿ ನುಡಿಸಿದವರು ಬಿಳಿಯರು. ಬೋಲ್ಡನ್ನನು ಆಗ ಆಸ್ಪತ್ರೆಯ ಗೋಡೆಗಳೊಳಗೆ ಹತ್ತು ವರ್ಷಗಳನ್ನು ಕಳೆದಿದ್ದನು. ಅವನನ್ನು ಕುರಿತು ಐತಿಹ್ಯಗಳಿಗೆ ಕೊರತೆಯಿರಲಿಲ್ಲ: ಅವನಿಗೊಂದು ಕ್ಷೌರದಂಗಡಿ ಇತ್ತೆಂದರು, ಊರ ಸುದ್ದಿಯ ಪತ್ರಿಕೆಯೊಂದನ್ನು ನಡೆಸುತ್ತಿದ್ದನೆಂದರು, 1939ರಲ್ಲಿ ಬಂದ ‘ಜಾಜ್‌ಮೆನ್’ ಎಂಬ ಗ್ರಂಥದ ಮೂಲಕ ಆ ಐತಿಹ್ಯಗಳು ಚರಿತ್ರೆಯ ವೇಷದಲ್ಲಿ ಲೋಕದಲ್ಲೆಲ್ಲ ಹಬ್ಬಿದುವು.

ಡೊನಾಲ್ಡ್ ಮಾರ್ಕಿಸ್ ಎಂಬ ಸಂಶೋಧಕನು ಇಷ್ಟಕ್ಕೆ ತೃಪ್ತನಾಗಲಿಲ್ಲ. ನಗರದ ವಾರ್ಷಿಕ ವಿಳಾಸಪಟ್ಟಿಗಳು, ಜನಗಣತಿಯ ಹಾಳೆಗಳು, ಆಸ್ಪತ್ರೆಯ ಕಡತಗಳು, ಹಳೆಯ ದಿನಪತ್ರಿಕೆಗಳು, ಬದುಕಿ ಉಳಿದಿದ್ದ ಹಿರಿಯರ ನೆನಪುಗಳು ಇವನ್ನು ಒಂದಕ್ಕೊಂದು ಒರೆಹಚ್ಚಿ ನೋಡಿ, ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ 1978ರಲ್ಲಿ ಅವನು ಹೊರತಂದ ಗ್ರಂಥದಲ್ಲಿ, ಕ್ಷೌರದಂಗಡಿ ಬಿದ್ದುಹೋಯಿತು, ಪತ್ರಿಕೆ ಬಿದ್ದುಹೋಯಿತು. ಬೋಲ್ಡನ್ನನು ವಾಸವಾಗಿದ್ದ ಬೀದಿ, ಅವನ ತಾಯಿ, ಅವನ ಮೇಳದ ಸಂಗಡಿಗರು, ಅವನು ನುಡಿಸಿದ ಸಭಾಂಗಣಗಳು ಸ್ಪಷ್ಟವಾಗಿ ಎದ್ದುನಿಂತವು. ಒಂದು ಸ್ವರವನ್ನೂ ಕೇಳಲು ಆಗದವನ ಜೀವನಚರಿತ್ರೆಯನ್ನು ಹೀಗೆ ಬರೆಯಲು ಸಾಧ್ಯವಾಯಿತೆಂದ ಮೇಲೆ, ಸಾವಿರಾರು ಜನ ಇರುಳಿಡೀ ಕುಳಿತು ಕೇಳಿದ, ಕೇಳಿದವರು ಇನ್ನೂ ನಮ್ಮ ನಡುವೆ ಇರುವ, ಹಾಡುಗಾರನಿಗೆ ಚರಿತ್ರೆಯಿಲ್ಲವೆಂದು ಹೇಳುವುದು ದಾಖಲೆಯ ಕೊರತೆಯಿಂದ ಹುಟ್ಟಿದ ಮಾತಲ್ಲ. ಹುಡುಕುವ ಮನಸ್ಸಿನ ಕೊರತೆಯಿಂದ ಹುಟ್ಟಿದ ಮಾತು.

ಅದು ಶ್ರೀಮಂತ ದೇಶ, ಅಲ್ಲಿ ತುಲೇನ್ ವಿಶ್ವವಿದ್ಯಾಲಯವು 1958ರಲ್ಲಿಯೇ ಜಾಜ್ ಸಂಗ್ರಹಾಗಾರವನ್ನು ತೆರೆದು ಮುದಿವಾದಕರ ಮಾತನ್ನು ಧ್ವನಿಮುದ್ರಿಸಿಕೊಂಡಿತು, ನಮ್ಮಲ್ಲಿ ಅದೆಲ್ಲ ಆಗದು ಎನ್ನುವವರಿಗೆ ಮುಂಬಯಿಯನ್ನು ತೋರಿಸುತ್ತೇನೆ. ಅಲ್ಲಿಯ ಹೋಟೆಲುಗಳಲ್ಲಿ 1930ರ ದಶಕದಿಂದ ಜಾಜ್ ನುಡಿಸಿದ ಗೋವೆಯ ವಾದಕರು, ಹೋಟೆಲುಗಳ ವೈಭವ ಇಳಿದ ಮೇಲೆ ಹಿಂದೀ ಚಲಚ್ಚಿತ್ರಗಳ ವಾದ್ಯವೃಂದಗಳಲ್ಲಿ ಅಡಗಿಹೋದರು. ಸಂಗೀತ ನಿರ್ದೇಶಕನ ಹೆಸರು ತೆರೆಯ ಮೇಲೆ ಬಂದಿತು, ಇವರದು ಬರಲಿಲ್ಲ. ಚಿಕ್ ಚಾಕೊಲೇಟ್ ಎಂದು ಪ್ರಸಿದ್ಧನಾಗಿದ್ದ ಆಂಟೋನಿಯೊ ಕ್ಸೇವಿಯರ್ ವಾಜ್‌ನ ತುತ್ತೂರಿಯನ್ನು ಕೇಳಿದವರು ಕೋಟಿ, ಹೆಸರು ಬಲ್ಲವರು ವಿರಳ. ಆಂಟನಿ ಗೊನ್ಸಾಲ್ವಿಸ್ ಎಂಬ ಹೆಸರು 1977ರ ಚಿತ್ರವೊಂದರ ಹಾಡಿನಿಂದ ದೇಶದ ಬಾಯಲ್ಲೆಲ್ಲ ನಲಿದಾಡಿತಾದರೂ, ಅದು ಸಂಗೀತ ನಿರ್ದೇಶಕ ಪ್ಯಾರೇಲಾಲರಿಗೆ ಪಿಟೀಲು ಕಲಿಸಿದ ಗುರುವಿನ ಹೆಸರೆಂದು ಹಾಡಿದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಪತ್ರಕರ್ತ ನರೇಶ್ ಫರ್ನಾಂಡಿಸ್ ಅವರು ಈ ವಾದಕರ ಮನೆಗಳ ಬಾಗಿಲು ತಟ್ಟಿ, ಹಳೆಯ ಭಾವಚಿತ್ರ ತಟ್ಟೆಗಳನ್ನು ಕೂಡಿಸಿ, ಮುಂಬಯಿಯ ಜಾಜ್ ಯುಗದ ಚರಿತ್ರೆಯನ್ನು ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಎಂಬ ಗ್ರಂಥವಾಗಿ 2012ರಲ್ಲಿ ಪ್ರಕಟಿಸಿದರು. ಗ್ರಂಥದ ಜೊತೆಗೆ ಆ ಸಂಗೀತದ ಅಡಕಮುದ್ರಿಕೆಯನ್ನೂ ಓದುಗರ ಕೈಗಿತ್ತರು. ನಗರದ ಹೋಟೆಲಿನಲ್ಲಿ ನುಡಿಸಿದವನಿಗೆ ಚರಿತ್ರೆಯುಂಟು, ಚಿಕ್ಕಲ್ಲೂರಿನ ಬಯಲಿನಲ್ಲಿ ಹಾಡಿದವನಿಗೆ ‘ಪರಂಪರೆ’ ಮಾತ್ರ ಉಂಟು ಎಂಬ ವಿಂಗಡಣೆಗೆ ಯಾವ ನ್ಯಾಯದ ಆಧಾರವಿದೆ?

ಇನ್ನು ಹೊರಗಿನ ನಿದರ್ಶನಗಳನ್ನು ಒಲ್ಲದವರಿಗಾಗಿ ಮನೆಯೊಳಗಿನದನ್ನೇ ಹೇಳುತ್ತೇನೆ. ಆರ್. ನರಸಿಂಹಾಚಾರ್ಯರು 1907, 1919, 1929ರಲ್ಲಿ ಮೂರು ಸಂಪುಟಗಳಾಗಿ ಕನ್ನಡಿಗರಿಗೆ ಕೊಟ್ಟ ‘ಕರ್ಣಾಟಕ ಕವಿಚರಿತೆ’ ಏನು? ಶಾಸನದ ಒಂದು ಪಂಕ್ತಿ, ಓಲೆಗರಿಯ ಕೊನೆಯ ಒಂದು ಪದ್ಯ, ಇನ್ನೊಬ್ಬ ಕವಿ ಮಾಡಿದ ಸ್ಮರಣೆ, ಇಷ್ಟು ಕ್ಷೀಣವಾದ ಎಳೆಗಳನ್ನು ಹಿಡಿದು, ಕವಿಯ ಕಾಲ, ಮತ, ಊರು, ಗುರು, ಆಶ್ರಯದಾತ ಇವನ್ನು ನಿರ್ಣಯಿಸುವ ತಪಸ್ಸಲ್ಲವೆ ಅದು? ಒಂದು ತೇದಿಗಾಗಿ ನಮ್ಮ ಪಂಡಿತರು ಹತ್ತಾರು ವರ್ಷ ವಾದಿಸಿದ್ದಾರೆ, ಮತ್ತು ಅದು ಯೋಗ್ಯವಾದ ವಾದವೇ ಆಗಿತ್ತು. ಯಳಂದೂರು ಸೀಮೆಯವಳಾದ ಸಂಚಿ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದವಳು, ‘ಹದಿಬದೆಯ ಧರ್ಮ’ವನ್ನು ಬರೆದಳೆಂದು ಶಾಲೆಯ ಮಗುವೂ ಬಲ್ಲದು, ಅರಮನೆಯ ಸಾನ್ನಿಧ್ಯವೂ ಓಲೆಗರಿಯೂ ಅವಳ ಹೆಸರನ್ನು ಕಾಪಾಡಿದುವು. ಅದೇ ಸೀಮೆಯಲ್ಲಿ, ಅದೇ ಶತಮಾನದಲ್ಲಿ, ಅರಮನೆಯ ಹೊರಗೆ ಹಾಡಿದ ಹೆಣ್ಣುಗಂಡುಗಳಿಗೆ ಹೆಸರಿರಲಿಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬರೆದುಕೊಳ್ಳುವವರು ಅವರ ಬಳಿಗೆ ಹೋಗಲಿಲ್ಲವೆಂದಷ್ಟೇ ಸಿದ್ಧವಾಗುತ್ತದೆ. ಕಳೆದುಹೋದ ಆ ಹೆಸರುಗಳು ಇನ್ನು ಸಿಕ್ಕಲಾರವು. ನಮ್ಮ ತಾತಂದಿರ ಕಾಲದ ಹೆಸರುಗಳಾದರೋ ಈಗಲೂ ಜನರ ನಾಲಗೆಯ ಮೇಲಿವೆ, ಮತ್ತು ಅವನ್ನೂ ಕಳೆದುಕೊಳ್ಳಲು ನಾವು ಸಿದ್ಧರಾಗಿ ಕುಳಿತಿದ್ದೇವೆ.

ಹಾಡುಗಾರರೇ ತಮ್ಮ ಹೆಸರನ್ನು ಬಯಸುವುದಿಲ್ಲ, ಅವರು ಎಲ್ಲವನ್ನೂ ಧರೆಗೆ ದೊಡ್ಡವರಾದ ಮಂಟೇಸ್ವಾಮಿಯವರಿಗೋ ಮಾದಪ್ಪನಿಗೋ ಅರ್ಪಿಸುತ್ತಾರೆ, ಅವರ ನಮ್ರತೆಯನ್ನು ನಾವು ಗೌರವಿಸಬೇಡವೆ ಎಂದು ಇನ್ನೊಂದು ಆಕ್ಷೇಪವುಂಟು. ಕೇಳಲು ಇದು ಸೌಮ್ಯವಾಗಿದೆ. ಆದರೆ ವಚನಕಾರರು ತಮ್ಮ ಮಾತನ್ನು ಇಷ್ಟದೈವದ ಅಂಕಿತಕ್ಕೆ ಅರ್ಪಿಸಿದರೆಂದು ನಾವು ಅವರ ಜೀವನಚರಿತ್ರೆಯನ್ನು ಕೈಬಿಟ್ಟೆವೆ? ಪುರಂದರದಾಸರ ಹುಟ್ಟೂರಿನ ಚರ್ಚೆ ಇನ್ನೂ ಮುಗಿದಿಲ್ಲ. ಭಕ್ತಿಯ ಸಮರ್ಪಣೆ ಬೇರೆ, ಲೋಕದ ಮರೆವು ಬೇರೆ. ಮೊದಲನೆಯದನ್ನು ಎರಡನೆಯದಕ್ಕೆ ಸಮರ್ಥನೆಯಾಗಿ ಬಳಸುವುದು ತಕ್ಕುದಲ್ಲ. ಅಲ್ಲದೆ ಈ ಸೀಮೆಯ ಜಗಲಿಗಳ ಮೇಲೆ ಕುಳಿತು ಹಿರಿಯರ ಮಾತಿಗೆ ಕಿವಿಗೊಟ್ಟವರಿಗೆ, ಅಲ್ಲಿ ಅನಾಮಧೇಯತೆಯ ಸುಳಿವೇ ಇಲ್ಲವೆಂಬುದು ತಿಳಿದೀತು. ಯಾರ ಮನೆತನದ ತಂಬೂರಿ, ಯಾರಿಗೆ ಯಾರು ಗುರುವಾಗಿ ದೀಕ್ಷೆ ಕೊಟ್ಟವರು, ಮಾದಪ್ಪನ ಕಾವ್ಯದ ಸಂಕಮ್ಮನ ಸಾಲನ್ನು ಯಾರು ಹಾಡಿದರೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಯಾರ ಡಕ್ಕೆ ಯಾರ ಕಂಠಕ್ಕೆ ಒಗ್ಗುತ್ತಿತ್ತು, ಯಾವ ಮೇಳ ಯಾವ ಜಗಳದಿಂದ ಒಡೆಯಿತು, ಎಲ್ಲವೂ ಅವರಿಗೆ ಗೊತ್ತು. ವರ್ಷವನ್ನು ಕೇಳಿದಾಗ ಮಾತ್ರ, “ವರ್ಸ ನಂಗೇನ್ ಗೊತ್ತು ಕನಪ್ಪಾ, ನಮ್ ದೊಡ್ಮಗ್ಳು ಮದ್ವೆ ಆದ್ ಮುಂದ್ಲೊರ್ಸ” ಎಂಬಂಥ ಉತ್ತರ ಬರುತ್ತದೆ. ಬಂದರೇನಾಯಿತು? ಮಗಳ ಮದುವೆಯ ಲಗ್ನಪತ್ರಿಕೆ ಪೆಟ್ಟಿಗೆಯಲ್ಲಿರುತ್ತದೆ, ಮೊಮ್ಮಗನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತೇದಿಯಿರುತ್ತದೆ. ಕಾವೇರಿಯ 1924ರ ಮಹಾಪ್ರವಾಹವನ್ನು ತಂದೆತಾಯಿಗಳ ಬಾಯಿಂದ ಕೇಳಿದವರಿದ್ದಾರೆ. ಅಂಥ ಗುರುತುಗಳಿಂದ ಕಾಲನಿರ್ಣಯ ಮಾಡುವ ವಿದ್ಯೆಯನ್ನು ನಾವು ಶಾಸನಗಳ ವಿಷಯದಲ್ಲಿ ಕಲಿತಿದ್ದೇವೆ, ಮನುಷ್ಯರ ವಿಷಯದಲ್ಲಿ ಮಾತ್ರ ಪ್ರಯೋಗಿಸಲೊಲ್ಲೆವು.

ಕಡತಗಳೂ ಇಲ್ಲದಿಲ್ಲ, ಅವು ಇರುವ ಎಡೆಯೇ ಈ ಸೀಮೆಯ ವಿಚಿತ್ರ ಚರಿತ್ರೆಯನ್ನು ಹೇಳುತ್ತದೆ. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾಗಿ ಮೈಸೂರು ಸಂಸ್ಥಾನದೊಳಗೆ ಉಳಿಯಿತು. ಅಲ್ಲಿಂದ ಕೆಲವೇ ಮೈಲಿ ದೂರದ ಕೊಳ್ಳೇಗಾಲವಾದರೋ 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹೀಗಾಗಿ ಅಗರದ ಮೇಳವೊಂದು ಚಿಕ್ಕಲ್ಲೂರು ಜಾತ್ರೆಗೆ ಹೊರಟಿತೆಂದರೆ ಅದು ಒಂದು ಸರ್ಕಾರದ ಎಲ್ಲೆಯನ್ನು ದಾಟಿ ಇನ್ನೊಂದಕ್ಕೆ ಹೋಗುತ್ತಿತ್ತು. ಜಾತ್ರೆಯ ಬಂದೋಬಸ್ತು, ದೇವಸ್ಥಾನಗಳ ಇನಾಮು ಮುಂತಾದ ವಿಷಯಗಳಲ್ಲಿ ಒಂದು ಕಡೆಯ ಕಾಗದಗಳನ್ನು ಬೆಂಗಳೂರು ಮೈಸೂರುಗಳಲ್ಲಿಯೂ, ಮತ್ತೊಂದು ಕಡೆಯವನ್ನು ಕೊಯಮತ್ತೂರು ಚೆನ್ನೈಗಳಲ್ಲಿಯೂ ಅರಸಬೇಕು. ನಿಕಲ್ಸನ್ನನ 1887ರ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ತೆರೆಯದೆ ಕೊಳ್ಳೇಗಾಲದ ಹತ್ತೊಂಬತ್ತನೆಯ ಶತಮಾನವನ್ನು ಬರೆಯಲಾಗದು. ಇವೆರಡು ಕಡೆಯನ್ನೂ ಕೂಡಿಸಿ ನೋಡುವ ಸಂಶೋಧಕನಿಗೆ ತಮಿಳೂ ತಿಳಿದಿರಬೇಕು. ಇದು ಕಷ್ಟದ ಕೆಲಸ, ನಿಜ. ಕಷ್ಟವನ್ನು ಅಸಾಧ್ಯವೆಂದು ಕರೆಯುವುದು ಪಾಂಡಿತ್ಯಕ್ಕೆ ಭೂಷಣವಲ್ಲ.

ಹಾಡುಗಾರನಿಗೆ ಚರಿತ್ರೆಯಿಲ್ಲವೆಂಬ ಈ ಅಭಿಪ್ರಾಯದಿಂದ ಕಾವ್ಯಕ್ಕೇ ಒದಗಿರುವ ಹಾನಿ ಇನ್ನೂ ದೊಡ್ಡದು. ಹಾಡುಗಾರನು ವಾಹಕಮಾತ್ರನೆಂದು ನಂಬಿದವನಿಗೆ, ಐವರು ಹಾಡುಗಾರರಿಂದ ಐದು ಸಾಲುಗಳನ್ನು ಪಡೆದು, ಒಬ್ಬನಲ್ಲಿ ಬಿಟ್ಟುಹೋದುದನ್ನು ಮತ್ತೊಬ್ಬನಿಂದ ತುಂಬಿಸಿ, ‘ಸಮಗ್ರ’ವೆಂಬ ಪಠ್ಯವೊಂದನ್ನು ಹೊಂದಿಸುವುದರಲ್ಲಿ ಏನೂ ದೋಷ ಕಾಣುವುದಿಲ್ಲ. ಹಾಗೆ ಹೊಂದಿಸಿದ ಕಾವ್ಯವನ್ನು ಯಾವನೂ ಯಾವ ರಾತ್ರಿಯೂ ಹಾಡಿರುವುದಿಲ್ಲವಷ್ಟೆ. ನೀಲಗಾರನು ಸಿದ್ದಪ್ಪಾಜಿಯ ಸಾಲನ್ನು ಮೂರು ಗಳಿಗೆಯಲ್ಲಿ ಮುಗಿಸಬಲ್ಲನು, ಮೂರು ರಾತ್ರಿಗೂ ಬೆಳೆಸಬಲ್ಲನು. ಎದುರಿಗೆ ಕುಳಿತವರು ಯಾರು, ಮನೆಯಲ್ಲಿ ನಡೆದಿರುವುದು ಮದುವೆಯೋ ತಿಥಿಯೋ, ಹಿಮ್ಮೇಳದವನು ಎಳಸೋ ಪಳಗಿದವನೋ, ಇವನ್ನೆಲ್ಲ ನೋಡಿ ಆ ಗಳಿಗೆಯಲ್ಲಿಯೇ ಅವನು ಕಾವ್ಯವನ್ನು ಕಟ್ಟುತ್ತಾನೆ. ಯುಗೊಸ್ಲಾವಿಯದ ಗಾಯಕರ ನಡುವೆ ನಡೆದ ಅಧ್ಯಯನದಿಂದ ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥವು ಸ್ಥಾಪಿಸಿದ ತತ್ತ್ವವೂ ಇದೇ: ಹಾಡುವಿಕೆಯೇ ರಚನೆ, ಹಾಡುಗಾರನೇ ಕವಿ. ನಮ್ಮ ನಾಡಿನಲ್ಲಿಯೇ, ಉಜಿರೆಯ ಸಮೀಪದ ಗೋಪಾಲ ನಾಯ್ಕರು 1990ರಲ್ಲಿ ಹೇಳಿ ಬರೆಯಿಸಿದ ತುಳು ಸಿರಿ ಕಾವ್ಯದ 15,683 ಪಂಕ್ತಿಗಳನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮುಂತಾದವರ ನೆರವಿನಿಂದ ಸಂಪಾದಿಸಿ 1998ರಲ್ಲಿ ಪ್ರಕಟಿಸಿದಾಗ, ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯ ಭಾಗವೇ ಆಯಿತು. ಇನ್ನೊಬ್ಬನ ಸಾಲನ್ನು ಅದರೊಳಗೆ ಬೆರೆಸಲಿಲ್ಲ. ತುಳುನಾಡಿನಲ್ಲಿ ಸಾಧ್ಯವಾದುದು ಕೊಳ್ಳೇಗಾಲದಲ್ಲಿ ಶಾಸ್ತ್ರವಿರುದ್ಧವಾದೀತೆ?

ಇಲ್ಲಿ ಒಂದು ಕಹಿಯಾದ ಮಾತನ್ನೂ ಆಡಬೇಕಾಗಿದೆ. ಈ ಸೀಮೆಯ ಹಾಡುಗಾರರು ಬಹುಮಟ್ಟಿಗೆ ದಲಿತ ಹಾಗೂ ಹಿಂದುಳಿದ ಸಮುದಾಯಗಳಿಂದ ಬಂದವರು. ಆಸ್ಥಾನದ ವಿದ್ವಾಂಸನು ಒಂದು ರಾಗವನ್ನು ಬೆಳೆಸಿದರೆ ಅದು ಅವನ ಮನೋಧರ್ಮ, ನೀಲಗಾರನು ಒಂದು ಸಾಲನ್ನು ಬೆಳೆಸಿದರೆ ಅದು ಸಮೂಹದ ಪ್ರತಿಭೆ. ಪಿಟೀಲಿನ ಚೌಡಯ್ಯನವರು ಏಳು ತಂತಿಗಳನ್ನು ಹೂಡಿದುದು ಅವರ ಹೆಸರಿನಲ್ಲಿ ಚರಿತ್ರೆಯಾಗಿ ನಿಲ್ಲುತ್ತದೆ, ಕಂಸಾಳೆಯ ಬೀಸಿಗೆ ಹೊಸ ವರಸೆಯನ್ನು ಕೂಡಿಸಿದವನ ಹೆಸರು ಅವನ ಊರಿನಾಚೆಗೆ ಹೋಗುವುದಿಲ್ಲ. ಚೌಡಯ್ಯನವರ ಊರಾದ ತಿರುಮಕೂಡಲು ಇಲ್ಲಿಂದ ದೂರವೇನೂ ಇಲ್ಲ. ನಡುವೆ ಇರುವ ಅಂತರ ದಾರಿಯದಲ್ಲ, ಜಾತಿಯದು. ಜನಪದವನ್ನು ಸಾಹಿತ್ಯವೃಕ್ಷದ ಬೇರೆಂದು ಹೊಗಳುವ ರೂಢಿಯೂ ನಮ್ಮಲ್ಲಿದೆ. ಬೇರೆಂಬ ಈ ಗೌರವವು ಹಾಡುಗಾರನನ್ನು ಮಣ್ಣಿನೊಳಗೇ ಇರಿಸಿ, ಹೂವಿಗೆ ಮಾತ್ರ ಹೆಸರು ಕೊಡುವುದಾದರೆ, ಅಂಥ ಗೌರವವನ್ನು ಅವನು ಸ್ವೀಕರಿಸಬೇಕಾಗಿಲ್ಲ.

ಧ್ವನಿಸುರುಳಿಗಳ ಕಾಲವು ಈ ಅನ್ಯಾಯವನ್ನು ಅರ್ಧ ಸರಿಪಡಿಸಿ, ಅರ್ಧ ಹೆಚ್ಚಿಸಿತು. ಕ್ಯಾಸೆಟ್ಟುಗಳು ಹಳ್ಳಿಗಳನ್ನು ಹೊಕ್ಕಾಗ ಮಳವಳ್ಳಿ ಮಹದೇವಸ್ವಾಮಿಯವರಂಥವರ ಕಂಠ ಮನೆಮನೆಯ ಸೊತ್ತಾಯಿತು, ಮುಖ್ಯಗಾಯಕನಿಗೆ ಹೆಸರು ಬಂದಿತು, ಸಂತೋಷವೇ ಸರಿ. ಆದರೆ ಎಷ್ಟೋ ಹೊದಿಕೆಗಳ ಮೇಲೆ ಮುದ್ರಣದ ವರ್ಷವಿಲ್ಲ, ಹಿಮ್ಮೇಳದವರ ಹೆಸರಿಲ್ಲ, ಕಥೆಯನ್ನು ಯಾರಿಂದ ಕಲಿತದ್ದೆಂಬ ಸೂಚನೆಯಿಲ್ಲ. ಜಾಜ್ ಸಂಶೋಧಕರು ಒಂದೊಂದು ತಟ್ಟೆಗೂ ಧ್ವನಿಮುದ್ರಣದ ದಿನ, ಊರು, ಹಿಂದೆ ಕುಳಿತು ನುಡಿಸಿದ ಪ್ರತಿಯೊಬ್ಬನ ಹೆಸರು, ಅವನ ವಾದ್ಯ ಇವನ್ನು ಬರೆದಿಡುವ ಶಾಸ್ತ್ರವನ್ನೇ ಬೆಳೆಸಿದ್ದಾರೆ. ನಮ್ಮಲ್ಲಿ ಮೂವತ್ತು ನಲವತ್ತು ವರ್ಷದ ಹಿಂದಿನ ಮುದ್ರಿಕೆಗಳಿಗೂ ಅಂಥ ಸೂಚಿಯೊಂದು ಬೇಕಾಗಿದೆ, ಅದೂ ಆ ಟೇಪು ಜೀರ್ಣವಾಗಿ ಹೋಗುವುದಕ್ಕೆ ಮೊದಲು.

ಕೊನೆಯ ಆಕ್ಷೇಪವು ಪ್ರಕಾಶಕರದು: ಇಂಥ ಗ್ರಂಥವನ್ನು ಕೊಳ್ಳುವವರಾರು? ಇದಕ್ಕೆ ನಾನು ದೀರ್ಘವಾಗಿ ಉತ್ತರಿಸುವುದಿಲ್ಲ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಜನಸಮುದಾಯ, ಚಿಕ್ಕಲ್ಲೂರಿನಲ್ಲಿ ಐದು ದಿನ ನೆರೆಯುವ ಜನಸಮುದಾಯ ಇವರ ಮುಂದೆ ಸುಲಭ ಬೆಲೆಯ, ತಿಳಿಗನ್ನಡದ, ಅವರ ತಾತಂದಿರ ಭಾವಚಿತ್ರಗಳುಳ್ಳ ಪುಸ್ತಕವೊಂದನ್ನು ಇಟ್ಟು ನೋಡಿದ ಮೇಲೆ ಆ ಪ್ರಶ್ನೆಯನ್ನು ಕೇಳಲಿ. ಗ್ರಂಥಾಲಯದ ಸಗಟು ಖರೀದಿಯೊಂದನ್ನೇ ನೆಚ್ಚಿ ಸಾವಿರ ಪ್ರತಿ ಅಚ್ಚುಹಾಕಿ ಉಗ್ರಾಣದಲ್ಲಿಡುವ ಕ್ರಮದಿಂದ ಓದುಗರಿದ್ದಾರೋ ಇಲ್ಲವೋ ಎಂಬುದು ತಿಳಿಯುವುದಿಲ್ಲ.

ವಿಶ್ವವಿದ್ಯಾಲಯಗಳಲ್ಲಿ ನಿಬಂಧ ಬರೆಯುವ ತರುಣರೇ, ಮಂಟೇಸ್ವಾಮಿ ಕಾವ್ಯದ ಆಶಯಗಳನ್ನು ಕುರಿತು ಇನ್ನೊಂದು ನಿಬಂಧಕ್ಕೆ ಕೈಹಾಕುವ ಮೊದಲು ಒಬ್ಬ ನೀಲಗಾರನ ಬಾಳನ್ನು, ಅವನ ಗುರುವಿನ ಗುರುವಿನವರೆಗೆ, ತೇದಿಗಳೊಡನೆ ಬರೆಯಿರಿ. ಅಗರದಲ್ಲಿಯೋ ಮಾಂಬಳ್ಳಿಯಲ್ಲಿಯೋ ಹನೂರಿನ ಹಟ್ಟಿಗಳಲ್ಲಿಯೋ ಮನೆಯಿರುವವರೇ, ನಿಮ್ಮ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟು, ಮದುವೆಯ ಪಟ, ಮೇಳಕ್ಕೆ ವೀಳ್ಯ ಕೊಟ್ಟ ಲೆಕ್ಕದ ಚೀಟಿ ಇದ್ದರೆ ಎಸೆಯಬೇಡಿರಿ. ಅದರ ಹಿಂದೆ ಹಾಡಿದವರ, ನುಡಿಸಿದವರ ಹೆಸರನ್ನೂ ಊರನ್ನೂ ನೆನಪಿದ್ದಷ್ಟು ಬರೆದಿಡಿರಿ, ನಿಮಗೆ ಬರೆಯಲು ಬಾರದಿದ್ದರೆ ಮಕ್ಕಳ ಕೈಯಿಂದ ಈ ವಾರವೇ ಬರೆಯಿಸಿರಿ.